ಘಟಕ: ತಿಳಿದಿಲ್ಲ

ಬಾಗಲಕೋಟೆಯ ನವನಗರದಲ್ಲಿ, ಎರಡನೇ ಮಹಡಿಯಲ್ಲಿ,
ಫ್ಯಾನು ತಿರುಗಿದಂತೆ ಮಾಡುವ ಕೋಣೆಯಲ್ಲಿ
ಅನಗವಾಡಿಯ ಒಂದು ಹೊಲ
ನನ್ನ ಪರದೆಯ ಮೇಲೆ ಹಸಿರಾಗಿ ಮಲಗಿದೆ.
ಸುತ್ತ ಗೆರೆ ಎಳೆದೆ. ಮೂಲೆಗೆ ಮೂಲೆ ಕೂಡಿಸಿದೆ.
ವಿಸ್ತೀರ್ಣ ಕೇಳಿದೆ.

ಸೊನ್ನೆ, ಬಿಂದು,
ಆಮೇಲೆ ಆರು ಸೊನ್ನೆ,
ಬಾಲಕ್ಕೆ ಎಂಬತ್ತೈದು.

"ಎಷ್ಟ ಬಂತ್ರಿ ಅಕ್ಕಾರ?"
ಓದಿ ಹೇಳಿದೆ. ಚಹಾದ ಕಪ್ಪು
ದಾವಲಸಾಬರ ತುಟಿಯ ಹತ್ತಿರವೇ ನಿಂತಿತು.
"ಸೊನ್ನಿ ಅಂತೀರಿ. ಏನ್ ಸೊನ್ನಿ?
ಎಕರೇನ? ಗುಂಟೇನ? ಆಣೇನ?
ನಾ ಖುದ್ದ ಸರಪಳಿ ಎಳದ ಹೊಲ ಅದು.
ನೂರ ಗುಂಟಿ. ಒಂದಾಣಿ ಹೆಚ್ಚಿಲ್ಲ, ಒಂದಾಣಿ ಕಡಿಮಿಲ್ಲ."

ಮೂವತ್ತಮೂರು ಅಡಿಯ ಸರಪಳಿ, ಹದಿನಾರು ಆಣೆ,
ಎರಡು ತುದಿಗೆ ಹಿತ್ತಾಳೆಯ ಹಿಡಿ.
ಅವರ ಅಳತೆಗೆ ತೂಕವಿತ್ತು,
ಬಲಗಡೆಯ ಹೆಗಲು ಇವತ್ತಿಗೂ ಅದನ್ನು ಮರೆತಿಲ್ಲ.

ಕೆದಕಿದರೆ, ತಂತ್ರಾಂಶ ಹೊಲವನ್ನು ಅಳೆದದ್ದು ಡಿಗ್ರಿಯಲ್ಲಿ.
ಭೂಮಿಯ ನಟ್ಟನಡುವೆ ಕೂತು ಮೇಲೆ ನೋಡಿದರೆ
ಈ ನೂರು ಗುಂಟೆ ಎಷ್ಟು ಕಣ್ಣು ತೆರೆದಂತೆ ಕಾಣುತ್ತದೋ ಅಷ್ಟು.
ಅಲ್ಲಿ ಯಾರು ಕೂತಿದ್ದಾರೆ?
ಚದರ ಡಿಗ್ರಿ! ಜ್ವರಕ್ಕೆ
ನಾಲ್ಕು ಮೂಲೆ ಮೂಡಿದ ಹಾಗೆ.

ಆಯ್ಕೆಯ ಪಟ್ಟಿ ಬಿಚ್ಚಿದೆ.
ಮೀಟರು, ಅಡಿ, ಗಜ, ಮೈಲಿ,
ಹಡಗಿನವರ ಮೈಲಿ ಬೇರೆ, ಇಲ್ಲಿ, ಘಟಪ್ರಭೆಯ ದಂಡೆಯಲ್ಲಿ.
ಗುಂಟೆ ಇಲ್ಲ. ಕೂರಿಗೆ ಇಲ್ಲ.
ಹೊಲದೊಡೆಯ ಯಮನಪ್ಪ ತನ್ನ ನೆಲವನ್ನು ಹೇಳುವುದೇ ಹೊತ್ತಿನಲ್ಲಿ:
ಮುಂಜಾನೆ ಕೂರಿಗೆ ಹೂಡಿದರೆ
ಎತ್ತಿನ ನೊರೆ ಎಲ್ಲಿ ಬೀಳುತ್ತದೋ ಅಲ್ಲಿಯ ತನಕ.
ಅದಕ್ಕೆ ಯಾವ ಗುಂಡಿ ಒತ್ತಲಿ?
ಪಟ್ಟಿಯ ತಳದಲ್ಲಿ, ಬೂದು ಅಕ್ಷರದಲ್ಲಿ: ತಿಳಿದಿಲ್ಲ.
ಇಷ್ಟು ಪ್ರಾಮಾಣಿಕ ಮಾತು
ಈ ಕಚೇರಿಯ ಯಾವ ಕಡತದಲ್ಲೂ ನಾನು ಓದಿಲ್ಲ.

ಸಣ್ಣವಳಿದ್ದಾಗ, ಹಳೇ ಊರಿನಲ್ಲಿ,
ಮಾಮನ ಗಿರಣಿಯ ಗೋಡೆಗೆ ಯಾರೋ ಬಂದು
ಕೆಂಪು ಬಣ್ಣದಲ್ಲಿ ಅಂಕಿ ಬರೆದು ಹೋದರು.
ಬರೀ ಅಂಕಿ.
ಜೋಳ ಬೀಸಲು ಬಂದವರು ಕಿಲೋ ಅಂದುಕೊಂಡರು.
ಅತ್ತೆ, ಮನೆ ನಂಬರು ಅಂದಳು.
ಮಾಮ ಅದನ್ನು ಪರಿಹಾರದ ಸಾವಿರಗಳೆಂದು ತಿಳಿದು
ಹಿಟ್ಟಿನ ಮೇಲೆ ಬೆರಳಾಡಿಸಿ ರಾತ್ರಿಯೆಲ್ಲ ಗುಣಿಸಿದ.
ಅದು ಮೀಟರು. ಸಮುದ್ರಮಟ್ಟದಿಂದ.
ನಮ್ಮ ಓಣಿಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ.
ಕಡೆಗೆ ಬಂದದ್ದೂ ಸಮುದ್ರವಲ್ಲ, ಹಿನ್ನೀರು.
ಬೀಸುವ ಕಲ್ಲು ಎರಡನ್ನೇ ಎತ್ತಿ ತಂದೆವು,
ಗೋಡೆ ಅಂಕಿಯನ್ನು ಇಟ್ಟುಕೊಂಡಿತು.

ಅದಕ್ಕೇ ಅಂಕಿಯನ್ನು ಒಂಟಿಯಾಗಿ ಬಿಡಲು ನನಗೆ ಭಯ.
ಪದರವನ್ನು ಮೀಟರಿಗೆ ಹೊರಳಿಸಿದೆ.
ಹತ್ತು ಸಾವಿರದ ನೂರಾ ಹದಿನೇಳು.
ದಾವಲಸಾಬರು ಬೆರಳಿನ ಗೆಣ್ಣುಗಳ ಮೇಲೆ ಓಡಾಡಿ ಬಂದು
"ಹಾಂ, ಈಗ ಹೊಲ ಹೊಲದಾಂಗ ಆತು" ಅಂದರು.
ಲೇಬಲ್ಲಿನ ಖಾನೆಯಲ್ಲಿ, ಅಂಕಿಯ ಪಕ್ಕ
ಒಂದು ಉಸಿರಿನಷ್ಟು ಜಾಗ ಬಿಟ್ಟು
ಚ.ಮೀ. ಎಂದು ಬರೆದೆ.

ಪ್ರಿಂಟು ಬಂತು.
ಆ ಯಂತ್ರಕ್ಕೆ ಕನ್ನಡ ಬರುವುದಿಲ್ಲ.
ಅಂಕಿ ನೆಟ್ಟಗಿದೆ, ಪಕ್ಕದಲ್ಲಿ
ಮೂರು ಖಾಲಿ ಚೌಕ: □□□

ಕನ್ನಡಕ ಹಣೆಗೇರಿಸಿ, ಹಾಳೆ ಮೂಗಿಗೆ ತಂದು
"ಚದರ ಅಂದ್ರ ಇವ ಏನ್ರಿ?" ಎಂದರು.
ನಕ್ಕೆ. ಅವರು ನಗಲಿಲ್ಲ.
ಕಿಸೆಯ ಪೆನ್ನು ತೆಗೆದು, ಬಾಂದುಕಲ್ಲು ನೆಡುವ ನಿಧಾನದಲ್ಲಿ
ಒಂದರೊಳಗೆ ಚ,
ಇನ್ನೊಂದರೊಳಗೆ ಮೀ.

ಮೂರನೆಯದು ಉಳಿಯಿತು.
"ಇದರಾಗ ಏನ ಬರೀಲಿ ಅಕ್ಕಾರ?"
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡೇ ಕಾಯುತ್ತಿದ್ದಾರೆ.